ನೀರು ಓಡುತ್ತಿದ್ದರೂ ತಿಳಿಯಾಗದ ತೊಟ್ಟಿ: ಮನೆಯಲ್ಲೇ ಮಾಡಿದ ಫಿಲ್ಟರಿನ ದೋಷ ಹಿಡಿಯುವ ಬಗೆ

ಇಲ್ಲಿನ ಲೆಕ್ಕವೆಲ್ಲ 4 ಅಡಿ ಉದ್ದ, 1.5 ಅಡಿ ಅಗಲ, 2 ಅಡಿ ಎತ್ತರದ, ಮೀನು ಸಾಕುವ ಗಾಜಿನ ತೊಟ್ಟಿಗೆ. ಅಂಚಿನವರೆಗೆ ತುಂಬಿದರೆ 340 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮೇಲೆ ಬಿಡುವ ಮೂರು ಬೆರಳು ಜಾಗ ಕಳೆದರೆ ಸುಮಾರು 300 ಲೀಟರ್. ಫಿಲ್ಟರ್ ನಮ್ಮ ಕಡೆ ಹೆಚ್ಚಿನವರು ಕಟ್ಟಿಕೊಳ್ಳುವಂಥದ್ದೇ: ತೊಟ್ಟಿಯೊಳಗೆ ಕೂಲರ್ ಪಂಪು, ಅದರಿಂದ ಮೇಲಕ್ಕೆ ಮುಕ್ಕಾಲು ಇಂಚಿನ ಪಿವಿಸಿ ಪೈಪು, ಮೇಲೆ ಒಂದರೊಳಗೊಂದು ಕೂರುವ ಮೂರು ಪ್ಲಾಸ್ಟಿಕ್ ಡಬ್ಬಿ. ಮೊದಲ ಡಬ್ಬಿಯಲ್ಲಿ ದಿಂಬಿಗೆ ತುಂಬುವ ಪಾಲಿಸ್ಟರ್ ಹತ್ತಿ, ಎರಡನೆಯದರಲ್ಲಿ ಸ್ಪಂಜು, ಕೊನೆಯದರಲ್ಲಿ 10ರಿಂದ 15 ಲೀಟರ್‌ನಷ್ಟು ಒಡೆದ ಮಂಗಳೂರು ಹಂಚಿನ ಚೂರು. ಅಲ್ಲಿಂದ ನೀರು ತಾನಾಗಿ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಯ ಕೆಳಗೆ ಡ್ರಮ್ಮೋ ಸಂಪೋ (ಫಿಲ್ಟರಿಗೆಂದೇ ಇಡುವ ಕೆಳ ತೊಟ್ಟಿ) ಇಟ್ಟವರಿಗೆ ವ್ಯತ್ಯಾಸ ಎಲ್ಲಿದೆಯೋ ಅಲ್ಲಿ ಹೇಳಿದ್ದೇವೆ.

ದೋಷ ಹುಡುಕುವಾಗ ಕೇಳಬೇಕಾದದ್ದು ಮೂರೇ ಪ್ರಶ್ನೆ, ಅದೂ ಇದೇ ಕ್ರಮದಲ್ಲಿ. ಫಿಲ್ಟರಿಗೆ ಸಾಕಷ್ಟು ನೀರು ಬರುತ್ತಿದೆಯೇ? ಬಂದ ನೀರು ಹತ್ತಿ, ಸ್ಪಂಜು, ಹಂಚುಗಳ ಒಳಗಿಂದಲೇ ಹಾಯುತ್ತಿದೆಯೇ? ಹಾಯ್ದರೂ ಹಂಚಿನ ಮೇಲೆ ಬೆಳೆದು ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆಯೇ? ನೀರು ಕದಡಿದ ಕೂಡಲೇ ಎಲ್ಲವನ್ನೂ ಹೊರತೆಗೆದು ನಲ್ಲಿಯ ಕೆಳಗೆ ತೊಳೆಯುವುದು ಎಲ್ಲಕ್ಕಿಂತ ಕೆಟ್ಟ ಮೊದಲ ಹೆಜ್ಜೆ. ದೋಷದ ಗುರುತೂ ಹೋಗುತ್ತದೆ, ತಿಂಗಳುಗಟ್ಟಲೆ ಬೆಳೆದ ಬ್ಯಾಕ್ಟೀರಿಯಾವೂ ಹೋಗುತ್ತದೆ.

ತೊಟ್ಟಿಗೆ ಕೈ ಹಾಕುವ ಮುನ್ನ ಪಂಪಿನ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಕಾರವಾರ, ಅಂಕೋಲಾ, ಕುಮಟೆಯ ಉಪ್ಪುಗಾಳಿಗೆ ಪ್ಲಗ್ಗಿನ ಹಿತ್ತಾಳೆ ಕಡ್ಡಿಗೆ ಹಸಿರು ಕಿಲುಬು ಹಿಡಿಯುವುದು ಬೇಗ. ಕಿಲುಬು ಹಿಡಿದಲ್ಲಿ ಬಿಸಿಯೇರುತ್ತದೆ. ತಿಂಗಳಿಗೊಮ್ಮೆ ಉಜ್ಜಿ ಒರೆಸಿ. ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿಗೆ ನೀರೊಳಗಿನ ಪಂಪು ಜೋಡಿಸಬೇಡಿ. ಉಳಿದ ಎಲ್ಲದರಲ್ಲಿ ದುಡ್ಡು ಉಳಿಸಿ, ಇದರಲ್ಲಿ ಬೇಡ.

ನೀರು ಎಷ್ಟು ಬರುತ್ತಿದೆ

300 ಲೀಟರಿನ ತೊಟ್ಟಿಯ ನೀರು ಗಂಟೆಗೆ ಮೂರು-ನಾಲ್ಕು ಸಲ ಫಿಲ್ಟರಿನೊಳಗೆ ಹಾಯಬೇಕು, ಅಂದರೆ 900ರಿಂದ 1,200 ಲೀಟರ್. ಕಣ್ಣಂದಾಜು ನಂಬಬೇಡಿ. 15 ಲೀಟರಿನ ಬಾಲ್ದಿಯನ್ನು ಫಿಲ್ಟರಿಗೆ ನೀರು ಬೀಳುವ ಪೈಪಿನ ಬಾಯಿಗೆ, ಅದೇ ಎತ್ತರದಲ್ಲಿ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ಲೀಟರನ್ನು 3,600ರಿಂದ ಗುಣಿಸಿ ಸೆಕೆಂಡಿನಿಂದ ಭಾಗಿಸಿದರೆ ಗಂಟೆಯ ಲೆಕ್ಕ ಸಿಗುತ್ತದೆ. 54 ಸೆಕೆಂಡಾದರೆ 1,000 ಲೀಟರ್. 45ರಿಂದ 60 ಸೆಕೆಂಡಿನೊಳಗೆ ತುಂಬಿದರೆ ಹರಿವು ಸರಿ ಇದೆ, ಮುಂದಿನ ಪ್ರಶ್ನೆಗೆ ಹೋಗಿ. ಹೊಸದಾಗಿ ಜೋಡಿಸಿದ ದಿನದ ಅಂಕಿಯನ್ನು ಡಬ್ಬಿಯ ಮೇಲೇ ಬರೆದಿಟ್ಟರೆ ಮುಂದೆ ಹೋಲಿಸಲು ಅದೊಂದೇ ಸಾಕ್ಷಿ.

ಪಂಪಿನ ರಟ್ಟಿನ ಮೇಲೆ 1,800 ಲೀಟರ್ ಎಂದಿದೆ, ಬರುವುದು 1,000 ಮಾತ್ರ ಎಂಬ ದೂರು ಸಾಮಾನ್ಯ. ಅದು ಪಂಪಿನ ದೋಷವಲ್ಲ. ರಟ್ಟಿನ ಅಂಕಿ ನೀರನ್ನು ಸ್ವಲ್ಪವೂ ಮೇಲೆತ್ತದೆ ಹರಿಸಿದಾಗಿನದು. ಪಕ್ಕದಲ್ಲೇ ಎತ್ತರ 1.8 ಮೀಟರ್ ಎಂದಿದ್ದರೆ ಆ ಎತ್ತರದಲ್ಲಿ ಒಂದು ಹನಿಯೂ ಬರುವುದಿಲ್ಲ ಎಂದರ್ಥ. ಎತ್ತರವನ್ನು ಪಂಪು ಕೂತ ತಳದಿಂದ ಅಳೆಯಬಾರದು, ಪಂಪು ಇರುವ ನೀರಿನ ಮೇಲ್ಮೈಯಿಂದ ಪೈಪಿನ ತುದಿಗೆ ಅಳೆಯಬೇಕು. ಮೇಲಿನ ಡಬ್ಬಿ ಫಿಲ್ಟರಿಗೆ ಅದು ಅರ್ಧ ಮೀಟರಿನ ಆಸುಪಾಸು, ಹಾಗಾಗಿ ಈ ಪಂಪು ಸಾಕು. ಅದೇ ಪಂಪನ್ನು ಸ್ಟ್ಯಾಂಡಿನ ಕೆಳಗಿನ ಸಂಪಿನಲ್ಲಿಟ್ಟರೆ 1.3, 1.4 ಮೀಟರ್ ಎತ್ತಬೇಕು. ಆಗ ಬರುವುದು ಬೆರಳು ದಪ್ಪದ ಧಾರೆ. ಸಂಪು ಕಟ್ಟುವವರಿಗೆ 2.5ರಿಂದ 3 ಮೀಟರ್ ಎತ್ತುವ ಪಂಪು ಬೇಕು. ಕರೆಂಟಿನ ಲೆಕ್ಕವನ್ನೂ ಆಗಲೇ ಹಾಕಿಕೊಳ್ಳಿ: 18 ವ್ಯಾಟಿನ ಪಂಪು ತಿಂಗಳಿಗೆ 13 ಯೂನಿಟ್ ತಿಂದರೆ 40 ವ್ಯಾಟಿನದು 29 ಯೂನಿಟ್ ತಿನ್ನುತ್ತದೆ. ಕೊಳ್ಳುವಾಗ ಅಗ್ಗವಾದ ದೊಡ್ಡ ಪಂಪು ವರ್ಷವಿಡೀ ಓಡಿದಾಗ ಅಗ್ಗವಲ್ಲ.

ಮೊದಲು ಚೆನ್ನಾಗಿದ್ದ ಹರಿವು ಈಗ ಇಳಿದಿದ್ದರೆ ಪೈಪನ್ನು ಪಂಪಿನಿಂದ ಬಿಡಿಸಿ, ಪಂಪನ್ನು ಮಾತ್ರ ನೀರೊಳಗೆ ಓಡಿಸಿ ನೋಡಿ. ನೀರು ಜೋರಾಗಿ ನುಗ್ಗಿದರೆ ತಪ್ಪು ಪೈಪಿನದು. ಒಳಗೆ ಕಂದು ಲೋಳೆ ಕಟ್ಟಿರುತ್ತದೆ. ದಾರಕ್ಕೆ ಬಟ್ಟೆ ಕಟ್ಟಿ ಎಳೆದು ತೆಗೆಯಬೇಕು. ಇಲ್ಲವೇ ನೀರು ಚಿಮ್ಮಿಸುವ ಅಡ್ಡ ಪೈಪಿನ ತೂತು ಸಾಲದು. ಮುಕ್ಕಾಲು ಇಂಚಿನ ಪೈಪಿನ ಬಾಯಿಗೆ ಸಮವಾಗಲು 4 ಮಿಲಿಮೀಟರಿನ 25 ತೂತಾದರೂ ಬೇಕು. ಹತ್ತು ತೂತು ಕೊರೆದು ಬಿಟ್ಟಲ್ಲಿ ಪಂಪು ಏದುತ್ತದೆ. 90 ಡಿಗ್ರಿಯ ಎಲ್ಬೋ ಮೂರಕ್ಕಿಂತ ಹೆಚ್ಚಿದ್ದರೆ ಕೆಲವನ್ನು ತೆಗೆದು 45 ಡಿಗ್ರಿಯವು ಎರಡೆರಡು ಹಾಕಿ.

ಪಂಪೇ ಸೊರಗಿದ್ದರೆ ಮುಂದಿನ ಮುಚ್ಚಳ ಬಿಚ್ಚಿ ಇಂಪೆಲ್ಲರ್ (ನೀರು ದೂಡುವ ರೆಕ್ಕೆಚಕ್ರ) ಹೊರಗೆಳೆಯಿರಿ. ಹತ್ತಿಯ ಎಳೆ, ಗಿಡದ ಬೇರು ಸುತ್ತಿಕೊಂಡಿರುವುದೇ ಹೆಚ್ಚು. ಅಯಸ್ಕಾಂತದ ಸುತ್ತ ಲೋಳೆ ಇದ್ದರೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಗರಗರ ಸದ್ದಿಗೆ ಎರಡು ಕಾರಣ. ಒಂದೋ ನಡುವಿನ ಪಿಂಗಾಣಿ ಕಡ್ಡಿ ಮುರಿದಿದೆ, ಇಲ್ಲವೇ ಮರಳು ಒಳಹೊಕ್ಕು ತೂತನ್ನು ತೇಯ್ದಿದೆ. ಸಮುದ್ರದ ಮರಳು ಹಾಕಿದ ತೊಟ್ಟಿಯಲ್ಲಿ ಎರಡನೆಯದು ಬಹಳ. ಪಂಪನ್ನು ತಳದಿಂದ 5 ಸೆಂಟಿಮೀಟರ್ ಎತ್ತರಿಸಿ, ಬಾಯಿಗೆ ಒರಟು ಸ್ಪಂಜು ಕಟ್ಟಿ.

ಗುಂಯ್ ಎನ್ನುತ್ತದೆ, ನೀರು ಎತ್ತುವುದಿಲ್ಲ ಎಂದಾದರೆ ಇಂಪೆಲ್ಲರನ್ನು ಬೆರಳಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ವೋಲ್ಟೇಜನ್ನು ಶಂಕಿಸಿ. ಈ ಪಂಪುಗಳ ವೇಗ ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದದ್ದು, ವೋಲ್ಟೇಜ್ ತುಸು ಇಳಿದರೂ ಓಡುತ್ತಿರುವ ಪಂಪು ಓಡುತ್ತದೆ. ನಿಂತ ಪಂಪು ಮಾತ್ರ ಇಳಿದ ವೋಲ್ಟೇಜಿನಲ್ಲಿ ಹೊರಡಲಾರದೆ ನಡುಗುತ್ತ ಕೂರುತ್ತದೆ. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ಕರೆಂಟ್ ಹೋಗಿ ಬಂದ ಮೇಲೆ ಆಗುವುದು ಇದೇ. ಹಳೇ ಸ್ಕ್ವೇರ್‌ವೇವ್ ಇನ್ವರ್ಟರಿನಲ್ಲೂ ಪಂಪು ಹೀಗೇ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ, ಬಹಳ ಹೊತ್ತು ಬಿಡಬೇಡಿ.

ಬಂದ ನೀರು ಎಲ್ಲಿಂದ ಹಾಯುತ್ತದೆ

ನೀರಿಗೆ ಸುಲಭದ ದಾರಿಯೇ ಇಷ್ಟ. ಹತ್ತಿಯ ಪದರ ಡಬ್ಬಿಯ ಅಂಚಿಗಿಂತ ಒಂದು ಬೆರಳು ಕಿರಿದಾದರೂ ನೀರೆಲ್ಲ ಆ ಸಂದಿಯಲ್ಲೇ ಇಳಿಯುತ್ತದೆ. ಇದಕ್ಕೆ ಪರೀಕ್ಷೆ ಬೇಡ, ವಾರದ ನಂತರ ಹತ್ತಿಯನ್ನು ಮೆಲ್ಲನೆ ಎತ್ತಿ ಅಡಿಮೇಲು ಮಾಡಿ ನೋಡಿ. ಪೂರ್ತಿ ಸಮನಾಗಿ ಕಂದಾಗಿದ್ದರೆ ಸರಿ. ಒಂದು ಮೂಲೆ ಕಪ್ಪು, ನಡುವೆ ಬೆಳ್ಳಗೆ ಉಳಿದಿದ್ದರೆ ನೀರು ಮೂಲೆ ಹಿಡಿದಿದೆ. ಹತ್ತಿಯನ್ನು ಡಬ್ಬಿಯ ಅಳತೆಗಿಂತ 2 ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ ಒತ್ತಿ ಕೂರಿಸಿ. ಡಬ್ಬಿ ಮಟ್ಟವಾಗಿ ಕೂತಿದೆಯೇ ಎಂದೂ ನೋಡಿ. ಹಳೇ ಮನೆಗಳ ನೆಲ ನೀರು ಹರಿದುಹೋಗಲೆಂದು ಒಂದು ಕಡೆ ಇಳಿಜಾರಾಗಿರುತ್ತದೆ. ಸ್ಟ್ಯಾಂಡು ಅಷ್ಟೇ ವಾಲಿದರೆ ನೀರೆಲ್ಲ ಒಂದೇ ಬದಿಗೆ.

ಸೋಫಾದ ಫೋಮು ಸಿಕ್ಕಿತೆಂದು ಸ್ಪಂಜಿನ ಜಾಗಕ್ಕೆ ಹಾಕಿದ್ದರೆ ತೆಗೆದುಬಿಡಿ. ಅದರ ಕಣ್ಣು ಬಹಳ ಸಣ್ಣ, ನಾಲ್ಕು ದಿನಕ್ಕೆ ಕಟ್ಟಿಕೊಳ್ಳುತ್ತದೆ, ಆಮೇಲೆ ನೀರು ಬದಿಯಿಂದ ಹೋಗುತ್ತದೆ. ತೆಂಗಿನ ನಾರು ಮನೆಯಲ್ಲೇ ಇದೆ, ದುಡ್ಡಿಲ್ಲ, ಒಪ್ಪಿದೆವು. ಆದರೆ ಅದು ವಾರಗಟ್ಟಲೆ ಕಂದು ಬಣ್ಣ ಬಿಡುತ್ತದೆ, ಆಮೇಲೆ ಕೊಳೆಯುತ್ತದೆ. ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಜಾಲರಿ ಉಂಡೆಗಳು ಅದಕ್ಕಿಂತ ಎಷ್ಟೋ ಮೇಲು. ಸೋಪು ಸೇರಿಸಿದ್ದು, ಉಕ್ಕಿನದು ಬೇಡ.

ಹಂಚು ನಮ್ಮ ಕರಾವಳಿಗೆ ಸಿಕ್ಕ ಒಳ್ಳೆಯ ಸಾಮಗ್ರಿ. ಸುಟ್ಟ ಮಣ್ಣಿನ ಒರಟು ಮೈ, ಸಣ್ಣ ರಂಧ್ರ, ನೀರಲ್ಲಿ ಕರಗದು, ಮಾಡು ಬದಲಿಸಿದ ಮನೆಯಲ್ಲಿ ಬಿಟ್ಟಿ ಸಿಗುತ್ತದೆ. ಚೂರು ಅಡಿಕೆ ಗಾತ್ರಕ್ಕಿರಲಿ, ಒಂದೂವರೆಯಿಂದ ಎರಡು ಸೆಂಟಿಮೀಟರ್. ಪುಡಿಯನ್ನು ಜರಡಿ ಹಿಡಿದು ಬಿಸಾಡಿ. ಬಣ್ಣ ಬಳಿದ ಹಂಚು ಬೇಡ. ಪಾಚಿ ಹಿಡಿದದ್ದನ್ನು ಉಜ್ಜಿ, ಕುದಿಸಿ, ಬಿಸಿಲಲ್ಲಿ ಒಣಗಿಸಿ. ಚಿರೇಕಲ್ಲಿನ ಚೂರನ್ನು ಹಂಚಿನ ಬದಲಿಗೆ ಹಾಕುವವರಿದ್ದಾರೆ. ಅದು ಸುಟ್ಟದ್ದಲ್ಲ, ನೀರಿನ ಓಟಕ್ಕೆ ಸವೆದು ಕೆಂಪು ಗಸಿ ಬಿಡುತ್ತಲೇ ಇರುತ್ತದೆ.

ರಾಡಿಯ ಬಣ್ಣ ಹೇಳುವುದು

ಗಾಜಿನ ಲೋಟದಲ್ಲಿ ತೊಟ್ಟಿಯ ನೀರು ತೆಗೆದು ರಾತ್ರಿಯಿಡೀ ಅಲ್ಲಾಡಿಸದೆ ಇಡಿ, ಬೆಳಿಗ್ಗೆ ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ಗಸಿ ತಳಕ್ಕೆ ಕೂತು ಮೇಲೆ ತಿಳಿಯಾಗಿದ್ದರೆ ದೋಷ ಹತ್ತಿಯ ಹಂತದಲ್ಲಿದೆ, ಹಿಂದಿನ ಭಾಗ ಮತ್ತೆ ಓದಿ. ಹಾಲು ಕದಡಿದಂತೆ ಬೆಳ್ಳಗೇ ಉಳಿದರೆ ಅದು ನೀರಲ್ಲಿ ತೇಲುವ ಬ್ಯಾಕ್ಟೀರಿಯಾ. ಹೊಸ ತೊಟ್ಟಿಯಲ್ಲಿ, ಅತಿಯಾಗಿ ಆಹಾರ ಹಾಕಿದಲ್ಲಿ, ಫಿಲ್ಟರ್ ತೊಳೆದ ಮೂರನೇ ದಿನದಲ್ಲಿ ಬರುತ್ತದೆ. ಆಹಾರ ಅರ್ಧಕ್ಕಿಳಿಸಿ, ಗಾಳಿ ಹೆಚ್ಚು ಕೊಡಿ, ಕಾಯಿರಿ. ಹಸಿರಾಗಿದ್ದರೆ ಫಿಲ್ಟರನ್ನು ದೂರಬೇಡಿ. ಕಿಟಕಿಯ ಬಿಸಿಲು ಕಾರಣ, ನಾಲ್ಕು ದಿನ ದಪ್ಪ ಬಟ್ಟೆ ಮುಚ್ಚಿ. ಚಹಾ ಬಣ್ಣ ಮರದ ತುಂಡಿನದು, ಮೀನಿಗೆ ತೊಂದರೆಯಿಲ್ಲ.

ಫಿಲ್ಟರ್ ಸರಿಯಿದೆ, ನೀರಿಗೆ ಬಲವಿಲ್ಲ

ಉತ್ತರ ಕನ್ನಡದ ತೊಟ್ಟಿಗಳಲ್ಲಿ ಜನ ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿ. ನೀರು ಸ್ಫಟಿಕದ ಹಾಗೆ ತಿಳಿ. ಹರಿವು ಸರಿ. ಫಿಲ್ಟರ್ ನಾಲ್ಕು-ಆರು ತಿಂಗಳು ಚೆನ್ನಾಗಿ ನಡೆದಿದೆ. ಒಂದು ವಾರದಿಂದ ಮೀನು ಮಂಕು, ರೆಕ್ಕೆ ಮುದುಡಿದೆ, ಅಮೋನಿಯಾ ಪರೀಕ್ಷೆಯಲ್ಲಿ ಹಸಿರು ಬಣ್ಣ, ಅಂದರೆ ಅಮೋನಿಯಾ ಇದೆ. ಅಂಗಡಿಯಲ್ಲಿ ಬ್ಯಾಕ್ಟೀರಿಯಾದ ಬಾಟಲಿ ಕೊಡುತ್ತಾರೆ, ಸುರಿದರೂ ಏನೂ ಆಗುವುದಿಲ್ಲ.

ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ನೋಡಿ, ಅದರ ಜೊತೆಗೆ ಕಾರ್ಬೊನೇಟ್ ಗಡಸುತನ, ಅಂದರೆ ಆಮ್ಲ ತಡೆಯುವ ಕ್ಷಾರದ ದಾಸ್ತಾನು ತೋರುವ ಕೆಎಚ್, ಖಂಡಿತ ನೋಡಿ. ಚಿರೇಕಲ್ಲು ನೆಲದ ಬಾವಿ, ಶಿರಸಿ-ಸಿದ್ದಾಪುರದ ಕಡೆಯ ಅಬ್ಬಿ ನೀರು, ಹಿಡಿದಿಟ್ಟ ಮಳೆನೀರು ಎಲ್ಲವೂ ಬಹಳ ಮೆದು. ಕೆಎಚ್ ಕಿಟ್ಟಿನ ಒಂದು-ಎರಡನೇ ಹನಿಗೇ ಬಣ್ಣ ತಿರುಗುತ್ತದೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಆಮ್ಲವನ್ನೂ ಹೊರಬಿಡುತ್ತದೆ. 1 ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ಹೀಗೆ ಬದಲಿಸಲು ಸುಮಾರು 7 ಮಿಲಿಗ್ರಾಂ ಕ್ಷಾರ ಖರ್ಚು. ಮೆದು ನೀರಿನಲ್ಲಿ ಆ ದಾಸ್ತಾನು ಕೆಲವೇ ತಿಂಗಳಿನದು. ಅದು ಮುಗಿದ ದಿನ ಪಿಎಚ್ ಜಾರಿ 6ಕ್ಕಿಂತ ಕೆಳಗಿಳಿಯುತ್ತದೆ, ಬ್ಯಾಕ್ಟೀರಿಯಾ ಕೈಕಟ್ಟಿ ಕೂರುತ್ತದೆ. ಹಂಚು ಜಡ ವಸ್ತು, ಕ್ಷಾರ ಕೊಡಲಾರದು. ಫಿಲ್ಟರನ್ನು ಎಷ್ಟು ದೊಡ್ಡದು ಮಾಡಿದರೂ ಈ ರೋಗಕ್ಕೆ ಅದು ಮದ್ದಲ್ಲ.

ಪರಿಹಾರ ನಮ್ಮ ಅಳಿವೆಗಳಲ್ಲೇ ಇದೆ, ಬಳಚಿನ (ಕಪ್ಪೆಚಿಪ್ಪಿನ ಜಾತಿಯದು) ಚಿಪ್ಪು. ಆದರೆ ಹಾಕುವ ಕ್ರಮ ತಪ್ಪಿದರೆ ಮೀನು ಸಾಯುತ್ತದೆ, ಇದನ್ನು ಗಮನವಿಟ್ಟು ಓದಿ. ಪಿಎಚ್ 6.5 ಇದ್ದಾಗ ಅಮೋನಿಯಾದ ಬಹುಪಾಲು ನಿರಪಾಯದ ಅಮೋನಿಯಂ ರೂಪದಲ್ಲಿರುತ್ತದೆ. 28 ಡಿಗ್ರಿಯ ನೀರಲ್ಲಿ ವಿಷದ ರೂಪ ನೂರಕ್ಕೆ 0.25 ಕೂಡ ಇರದು. ಪಿಎಚ್ ಒಮ್ಮೆಲೇ 8ಕ್ಕೆ ಏರಿದರೆ ಅದು ನೂರಕ್ಕೆ ಆರೇಳಾಗುತ್ತದೆ, ಸುಮಾರು 30 ಪಟ್ಟು. ಪಿಎಚ್ ಏರಿಸಲೆಂದು ಒಮ್ಮೆಲೇ ಅಡುಗೆ ಸೋಡಾ ಸುರಿದ ಗಂಟೆಯೊಳಗೆ ಮೀನು ಮೇಲೆ ಬಂದು ಬಾಯಿ ಬಿಡುವುದು ಇದರಿಂದಲೇ. ಆದ್ದರಿಂದ:

1. ಮೊದಲು ಎರಡು-ಮೂರು ದಿನ, ದಿನಕ್ಕೆ 75 ಲೀಟರಿನಂತೆ, ಅದೇ ಬಾವಿಯ ಮೆದು ನೀರಿನಿಂದಲೇ ನೀರು ಬದಲಿಸಿ. ಆಹಾರ ನಿಲ್ಲಿಸಿ.
2. ಅಮೋನಿಯಾ ಲೀಟರಿಗೆ 0.5 ಮಿಲಿಗ್ರಾಂಗಿಂತ ಕೆಳಗಿಳಿದ ಮೇಲೆ ಅಡುಗೆ ಸೋಡಾ. 300 ಲೀಟರಿನಲ್ಲಿ ಕೆಎಚ್ 1 ಡಿಗ್ರಿ ಏರಲು 9 ಗ್ರಾಂ, ಹೆಚ್ಚುಕಡಿಮೆ ಎರಡು ಮಟ್ಟಸ ಚಹಾ ಚಮಚ. ದಿನಕ್ಕೆ ಒಂದು ಚಮಚಕ್ಕಿಂತ ಹೆಚ್ಚು ಬೇಡ. ಲೋಟ ನೀರಲ್ಲಿ ಕರಗಿಸಿ ಫಿಲ್ಟರಿನ ಮೇಲೆ ನಿಧಾನ ಹೊಯ್ಯಿರಿ. 3 ಡಿಗ್ರಿ ಮುಟ್ಟಿದರೆ ನಿಲ್ಲಿಸಿ.
3. ಅರ್ಧ ಕಿಲೋ ಚಿಪ್ಪನ್ನು ತೊಳೆದು, ಮಾಂಸ ಉಳಿಯದಂತೆ ಕುದಿಸಿ ಕೆರೆದು, ಒಣಗಿಸಿ, ಸೊಳ್ಳೆ ಪರದೆಯ ಚೀಲದಲ್ಲಿ ಹಂಚಿನ ಡಬ್ಬಿಯಲ್ಲಿಡಿ. ಆಮ್ಲ ಇದ್ದಷ್ಟೇ ಅದು ಕರಗುತ್ತದೆ, ಮಿತಿ ಮೀರದು. ಪರಿಣಾಮ ಕಾಣಲು ಎರಡು-ಮೂರು ವಾರ ಬೇಕು. ಲೋಳೆ ಕಟ್ಟಿದ ಚಿಪ್ಪು ಕರಗುವುದಿಲ್ಲ, ತಿಂಗಳಿಗೊಮ್ಮೆ ಕುಲುಕಿ ತೊಳೆಯಿರಿ.

ಚಿಪ್ಪು ಬೇರೆ, ಚಿಪ್ಪು ಸುಟ್ಟ ಸುಣ್ಣ ಬೇರೆ. ಎಲೆಗೆ ಹಚ್ಚುವ ಸುಣ್ಣದ ಚಿಟಿಕೆಯೂ ತೊಟ್ಟಿಗೆ ಬೀಳಕೂಡದು, ಪಿಎಚ್ ಆಕಾಶಕ್ಕೇರುತ್ತದೆ.

ಅಮೋನಿಯಾ ಇಲ್ಲ, ನೈಟ್ರೈಟ್ (ಅಮೋನಿಯಾ ನೈಟ್ರೇಟ್ ಆಗುವ ನಡುವಿನ ಹಂತ) ಇದೆ ಎಂದಾದರೆ ಫಿಲ್ಟರ್ ಅರ್ಧ ದಾರಿ ಬಂದಿದೆ. ಉಳಿದರ್ಧ ಮುಗಿಯುವವರೆಗೆ ಮೀನಿನ ಉಸಿರು ಕಾಯಲು 300 ಲೀಟರಿಗೆ 150 ಗ್ರಾಂ ಉಪ್ಪು ಸಾಕು. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಆಗರದ ಹರಳುಪ್ಪು ಚೆನ್ನಾಗಿ ಒದಗುತ್ತದೆ. ಹೊಸ ಹಂಚು ಪೂರ್ತಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ. ಚಳಿಗಾಲದ ಶಿರಸಿಯಲ್ಲಿ ಇನ್ನೂ ನಿಧಾನ, ನೀರು ತಣ್ಣಗಾದಷ್ಟೂ ಬ್ಯಾಕ್ಟೀರಿಯಾ ಮೆಲ್ಲಗೆ ಬೆಳೆಯುತ್ತದೆ. ಹಳೇ ತೊಟ್ಟಿಯ ಸ್ಪಂಜು ಹಿಂಡಿದ ಕಂದು ನೀರನ್ನು ಹಂಚಿನ ಮೇಲೆ ಹೊಯ್ದರೆ ಕಾಯುವ ದಿನ ಕಡಿಮೆ.

ಅಳಿವೆಯ ಪಕ್ಕದ ಬಾವಿಗಳ ಕಥೆ ಉಲ್ಟಾ. ಏಪ್ರಿಲ್-ಮೇಯಲ್ಲಿ ಅಲ್ಲಿಗೆ ಉಪ್ಪು ನುಗ್ಗುತ್ತದೆ. ಅಗ್ಗದ ಟಿಡಿಎಸ್ ಪೆನ್ನು (ನೀರಲ್ಲಿ ಕರಗಿದ ಲವಣ ಅಳೆಯುವುದು) ಇಟ್ಟುಕೊಂಡು, ಬದಲಿಸುವ ನೀರು ತೊಟ್ಟಿಯ ನೀರಿಗಿಂತ 100ಕ್ಕೂ ಹೆಚ್ಚು ವ್ಯತ್ಯಾಸ ತೋರಿದರೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಪಟ್ಟಣದ ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ. 100 ಲೀಟರಿಗೆ 1 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹರಳು ಹಾಕಿ ಕಲಕಿ ತೊಟ್ಟಿಗೆ ಬಿಡಿ. ಹತ್ತಿ, ಸ್ಪಂಜು ಹಿಂಡುವುದು ಯಾವತ್ತೂ ತೊಟ್ಟಿಯಿಂದ ತೆಗೆದ ಬಾಲ್ದಿ ನೀರಿನಲ್ಲೇ. ಹಂಚನ್ನೂ ಸ್ಪಂಜನ್ನೂ ಒಂದೇ ದಿನ ಮುಟ್ಟಬೇಡಿ, ಎರಡು ವಾರದ ಅಂತರವಿರಲಿ.

ಮಳೆಗಾಲ ಮತ್ತು ನಿಂತ ಪಂಪು

ಜೂನ್-ಜುಲೈಯಲ್ಲಿ ಕಂಬ ಬಿದ್ದು ಇಡೀ ದಿನ ಕರೆಂಟ್ ಇಲ್ಲದಿರುವುದು ಹೊಸತೇನಲ್ಲ. ಮೇಲಿನ ತೆರೆದ ಡಬ್ಬಿಯ ಹಂಚು ಗಾಳಿಗೆ ಒಡ್ಡಿಕೊಂಡು ಹಸಿಯಾಗಿದ್ದರೆ ಬ್ಯಾಕ್ಟೀರಿಯಾ ತಡೆದುಕೊಳ್ಳುತ್ತದೆ, ಅದಕ್ಕಾಗಿಯೇ ಈ ಊರಿಗೆ ಈ ಮಾದರಿ ಮೇಲು. ಮುಚ್ಚಿದ ಡ್ರಮ್ಮಿನಲ್ಲಿ ಕೆಲವೇ ಗಂಟೆಯಲ್ಲಿ ಆಮ್ಲಜನಕ ಮುಗಿಯುತ್ತದೆ. ಕರೆಂಟ್ ಬಂದ ಕೂಡಲೇ ತನ್ನಷ್ಟಕ್ಕೆ ಓಡಲು ಬಿಟ್ಟರೆ ಆ ಕೊಳೆತ ನೀರೆಲ್ಲ ಮೀನಿನ ಮೈಮೇಲೆ. ಮುಚ್ಚಳ ತೆಗೆದು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಡ್ರಮ್ಮಿನ ನೀರನ್ನು ಪೂರ್ತಿ ಚೆಲ್ಲಿ, ಹಂಚನ್ನು ತೊಟ್ಟಿಯ ನೀರಲ್ಲಿ ಜಾಲಿಸಿ, ಆಮೇಲೆ ಪಂಪು ಹಾಕಿ. ಬ್ಯಾಟರಿಯಲ್ಲಿ ಓಡುವ ಸಣ್ಣ ಗಾಳಿ ಪಂಪು ಮೇ ತಿಂಗಳಲ್ಲೇ ಮನೆಯಲ್ಲಿರಲಿ.

ಪಂಪು ನಿಂತಾಗ ನೆಲ ಒದ್ದೆಯಾದರೆ ಅದು ಸೋರಿಕೆಯಲ್ಲ, ಹಿಮ್ಮುಖ ಹರಿವು. ಪೈಪಿನ ತುದಿ ನೀರೊಳಗೆ ಮುಳುಗಿದ್ದರೆ ನೀರು ಬಂದ ದಾರಿಯಲ್ಲೇ ಹಿಂದಿರುಗಿ ಕೆಳಗಿನ ಪಾತ್ರೆ ತುಂಬುತ್ತದೆ. ತುದಿಯನ್ನು ನೀರಿಗಿಂತ ಮೇಲಿಡಿ, ಇಲ್ಲವೇ ನೀರಿನ ಮಟ್ಟಕ್ಕಿಂತ ಒಂದು ಬೆರಳು ಮೇಲೆ ಪೈಪಿಗೆ 3 ಮಿಲಿಮೀಟರಿನ ತೂತು ಕೊರೆಯಿರಿ. ತೂತಿಗೆ ಪಾಚಿ ಕಟ್ಟದಂತೆ ಆಗಾಗ ಚುಚ್ಚಬೇಕು. ಸಂಪು ಇದ್ದವರು ಪಂಪು ಆರಿಸಿ ಹದಿನೈದು ನಿಮಿಷ ಕಾದು, ನೀರು ಎಲ್ಲಿಯವರೆಗೆ ಏರಿತೆಂದು ನೋಡಿ, ಓಡುವಾಗ ಇರಬೇಕಾದ ಮಟ್ಟಕ್ಕೆ ಗೆರೆ ಎಳೆದಿಡಿ. ಆ ಗೆರೆ ದಾಟಿ ನೀರು ತುಂಬಬೇಡಿ.

ಪಂಪು ಓಡುವಾಗಲೇ ಡಬ್ಬಿ ಉಕ್ಕಿದರೆ ಇಳಿಯುವ ಪೈಪು ಚಿಕ್ಕದು. ಏರುವ ನೀರಿಗೆ ಪಂಪಿನ ಒತ್ತಡವಿದೆ, ಇಳಿಯುವುದಕ್ಕೆ ತನ್ನ ಭಾರ ಮಾತ್ರ. ಏರುವುದು ಮುಕ್ಕಾಲು ಇಂಚಾದರೆ ಇಳಿಯುವುದು ಒಂದೂವರೆ ಇಂಚಿರಲಿ. ಅದರ ಮೇಲೆ ಎರಡು ಬೆರಳು ಎತ್ತರದಲ್ಲಿ ಇನ್ನೊಂದು ತುರ್ತು ಪೈಪು. ಮೊದಲನೆಯದಕ್ಕೆ ಎಲೆ ಸಿಕ್ಕಿಕೊಂಡ ರಾತ್ರಿ ಮನೆಯ ನೆಲ ಉಳಿಸುವುದು ಅದು.

ನಿಜವಾದ ಸೋರಿಕೆ ಹೆಚ್ಚಾಗಿ ಡಬ್ಬಿಯ ಮೈಗೆ ಪೈಪು ಜೋಡಿಸುವ ಟ್ಯಾಂಕ್ ನಿಪ್ಪಲ್ ಸುತ್ತ. ಬಕೆಟ್ಟಿನ ಗುಂಡನೆ ಮೈಗೆ ಚಪ್ಪಟೆ ವಾಷರ್ ಕೂರುವುದಿಲ್ಲ, ತೂತನ್ನು ಚಪ್ಪಟೆ ಜಾಗದಲ್ಲೇ ಕೊರೆಯಬೇಕು. ಸಿಲಿಕಾನ್ ಬಳಿದು ಮುಚ್ಚುತ್ತೇವೆ ಎಂದರೆ ಆಗದು. ಗಾಜಿಗೆ ಅಷ್ಟು ಗಟ್ಟಿ ಹಿಡಿಯುವ ಸಿಲಿಕಾನ್ ಬಕೆಟ್, ಡ್ರಮ್ಮುಗಳ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಪಿವಿಸಿ ಸಾಲ್ವೆಂಟೂ ಅಷ್ಟೇ. ರಬ್ಬರ್ ವಾಷರ್ ನೀರಿನ ಬದಿಗಿರಲಿ, ನಟ್ಟನ್ನು ಕೈಯಲ್ಲಿ ಬಿಗಿದು ಪಾನಾದಲ್ಲಿ ಕಾಲು ಸುತ್ತು ಮಾತ್ರ. ಬಲವಾಗಿ ಬಿಗಿದರೆ ವಾಷರ್ ಹೊರಗೆ ಜಾರಿ ಮತ್ತೆ ಹನಿಯುತ್ತದೆ. ಪೈಪಿಗೆ ಉಕ್ಕಿನ ಕ್ಲಿಪ್ಪು ಬೇಡ, ಕಡಲಗಾಳಿಗೆ ತುಕ್ಕು ಹಿಡಿದು ಕಡಿಯುತ್ತದೆ. ನೈಲಾನ್ ಟೈ ಎರಡು ಸುತ್ತು ಹಾಕಿ. ನೀರು, ಹಂಚು ಸೇರಿ ಡಬ್ಬಿಗಳು 40 ಕಿಲೋ ತೂಗಬಹುದು. ಆ ಭಾರ ಗೋಡೆಗೆ ಬಡಿದ ಬ್ರ್ಯಾಕೆಟ್ಟಿನ ಮೇಲಿರಲಿ, ತೊಟ್ಟಿಯ ಗಾಜಿನ ಅಂಚಿನ ಮೇಲೆ ಬೇಡ.